ಕಡಲೆ, ಗಸಗಸೆ

ನನ್ನ ಮೊದಲನೇ ಶನಿವಾರದ ಕ್ಲಾಸು ಸರಿಯಾಗಿ ನಾಲ್ಕು ನಿಮಿಷ ನಡೆಯಿತು. ಆಮೇಲಿನ ಅರ್ಧ ಗಂಟೆಯಲ್ಲಿ ನಡೆದದ್ದಕ್ಕೆ ಏನಂತ ಹೆಸರಿಡಬೇಕೋ ಇವತ್ತಿಗೂ ಗೊತ್ತಿಲ್ಲ.

ಮೈಸೂರಿನ ನಮ್ಮ ಮನೆಯ ಮಹಡಿ ಮೇಲೆ ಒಂದು ಹಾಲ್ ಇದೆ. ಹೊರಗಿನಿಂದ 17 ಮೆಟ್ಟಿಲು ಹತ್ತಿ ಹೋಗಬೇಕು. ಬಾಡಿಗೆಯವರು ಬಿಟ್ಟು ಹೋದ ಮೇಲೆ ಖಾಲಿ ಬಿದ್ದಿತ್ತು. ಒಂದು ಸಂಜೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಕೇಳಿದರು: "ನೀವು ಹೇಗಿದ್ರೂ ಹಾಡ್ತೀರ, ನಮ್ಮ ಮಗಳಿಗೂ ಒಂಚೂರು ಹೇಳಿಕೊಡಬಾರದಾ?" ಎಷ್ಟು ವರ್ಷ ಅಂದೆ. ಮೂರೂವರೆ ಅಂದರು. ನಕ್ಕು ಸುಮ್ಮನಾದೆ. ಆದರೆ ಮಾತು ಬೀದಿ ಸುತ್ತಿತು. ಹದಿನೈದು ದಿನದಲ್ಲಿ ಒಂಬತ್ತು ಮಕ್ಕಳಾದವು. ಚಿಕ್ಕದಕ್ಕೆ ಮೂರು, ದೊಡ್ಡದಕ್ಕೆ ಐದು.

ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಪಾಸು ಮಾಡಿದವಳು ನಾನು. ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಹಾಡಿದ್ದೇನೆ. ಒಂಬತ್ತು ಪುಟಾಣಿಗಳಿಗೆ ಸರಿಗಮ ಹೇಳಿಕೊಡೋದು ಏನು ಮಹಾ ಅಂದುಕೊಂಡೆ. ಜಮಖಾನ ಹಾಸಿದೆ. ಊದುಬತ್ತಿ ಹಚ್ಚಿದೆ. ಶ್ರುತಿ ಪೆಟ್ಟಿಗೆ ಆನ್ ಮಾಡಿ, "ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ, ಹೇಳಿ ಸಾ" ಅಂದೆ.

ಇಬ್ಬರು ಸಾ ಅಂದರು. ಒಬ್ಬಳು, "ಆ ಡಬ್ಬಿ ಒಳಗೆ ಯಾರಿದಾರೆ ಆಂಟಿ?" ಅಂತ ಕೇಳಿದಳು. ಆ ಪ್ರಶ್ನೆ ಬಂದದ್ದೇ ತಡ, ಉಳಿದವರೆಲ್ಲ ಡಬ್ಬಿಯೊಳಗಿನವರನ್ನು ನೋಡಲು ಎದ್ದು ಬಂದರು. ಒಬ್ಬನಿಗೆ ಒಂದಕ್ಕೆ ಬಂತು. ಅದು ಅಂಟುರೋಗ, ಎಲ್ಲರಿಗೂ ಬಂತು. ಒಬ್ಬಳು ಜಮಖಾನದ ಅಂಚಿನಿಂದ ದಾರ ಕೀಳುತ್ತಾ ಕೂತಳು. ಒಬ್ಬ ಹುಡುಗ ನನಗೆ ಬೆನ್ನು ಮಾಡಿ, ಬೀದಿ ಕಡೆಯ ಕಿಟಕಿಯ ಸರಳು ಹಿಡಿದು ನಿಂತ. ಅವನನ್ನು ಇಲ್ಲಿ ಕಿಟಕಿ ಪುಟ್ಟ ಅಂತಲೇ ಕರೆಯುತ್ತೇನೆ. ಆಗ ಅವನಿಗೆ ನಾಲ್ಕು ವರ್ಷ ತುಂಬಿ ಒಂದು ತಿಂಗಳು.

ಆ ರಾತ್ರಿ ಬೇಜಾರಿನಲ್ಲಿ ಮಲಗಿದಾಗ ನಾನು ಕಲಿತ ದಿನಗಳು ನೆನಪಾದವು. ನನ್ನನ್ನು ಸಂಗೀತಕ್ಕೆ ಹಾಕಿದ್ದು ಐದನೇ ವರ್ಷಕ್ಕೆ. ನಮ್ಮ ಮೇಷ್ಟ್ರು ಕೆಟ್ಟವರಲ್ಲ, ಆದರೆ ತಾಳ ತಪ್ಪಿದರೆ ತೊಡೆಯ ಮೇಲೆ ಚಟ್ ಅಂತ ಒಂದು ಕೊಡುತ್ತಿದ್ದರು. ಆದಿತಾಳಕ್ಕೆ ಎಂಟು ಎಣಿಕೆ ಅಲ್ವಾ. ಮೊದಲು ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಪೆಟ್ಟು, ಹುಸಿ (ಅಂಗೈ ಮೇಲೆ ಮಾಡೋದು), ಪೆಟ್ಟು, ಹುಸಿ. ನನ್ನ ಉಂಗುರದ ಬೆರಳು ಒಂಟಿಯಾಗಿ ಬಗ್ಗುತ್ತಲೇ ಇರಲಿಲ್ಲ. ಅದನ್ನು ಬಗ್ಗಿಸಲು ಹೋದರೆ ಹಾಡು ಮರೆಯುತ್ತಿತ್ತು. ಹಾಡು ನೆನಪಾದರೆ ಬೆರಳು ಮರೆಯುತ್ತಿತ್ತು. ಆಗೆಲ್ಲ ನನಗೆ ತಾಳಜ್ಞಾನ ಇಲ್ಲ ಅಂತಲೇ ನಂಬಿದ್ದೆ. ಮುಂದಿನ ಶನಿವಾರ ಸುಮ್ನೆ ಪರೀಕ್ಷೆಗೆ ಅಂತ ಮಕ್ಕಳಿಗೆ ಉಂಗುರದ ಬೆರಳು ಮಾತ್ರ ಬಗ್ಗಿಸಿ ಅಂದೆ. ಒಂಬತ್ತರಲ್ಲಿ ಒಂದಕ್ಕೂ ಆಗಲಿಲ್ಲ. ಒಬ್ಬಳು ಇನ್ನೊಂದು ಕೈಯಿಂದ ಹಿಡಿದು ಬಗ್ಗಿಸಿ, "ನೋಡಿ ಬಂತು" ಅಂದಳು. ಆ ವಯಸ್ಸಿಗೆ ಬೆರಳುಗಳು ಒಂದೊಂದೇ ಮಾತು ಕೇಳೋದಿಲ್ಲ, ಅಷ್ಟೇ. ಅದಕ್ಕೂ ತಾಳಕ್ಕೂ ಸಂಬಂಧವೇ ಇಲ್ಲ. ನಲವತ್ತು ದಾಟಿದ ಮೇಲೆ ಇದು ಗೊತ್ತಾಗಿ ನನಗೆ ಸ್ವಲ್ಪ ಅಳುವೇ ಬಂತು.

ಹಾಗಂತ ಹಳೆಯ ಕ್ರಮವನ್ನು ಬೈಯಲು ನಾನು ಕೂತಿಲ್ಲ. ಸರಳೆ ವರಸೆ, ಜಂಟಿ ವರಸೆ, ಪಿಳ್ಳಾರಿ ಗೀತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಪಾಠವನ್ನು ಕಟ್ಟಿಕೊಟ್ಟವರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತದೆ. ಆರಂಭಕ್ಕೆ ಮಾಯಾಮಾಳವಗೌಳ ರಾಗವೇ ಯಾಕೆ ಅನ್ನೋದಕ್ಕೂ ಒಳ್ಳೆಯ ಕಾರಣವಿದೆ. ಸರಿಗಮ ಎಷ್ಟೆಷ್ಟು ದೂರದಲ್ಲಿ ಇದೆಯೋ, ಪದನಿಸ ಕೂಡ ಅಷ್ಟಷ್ಟೇ ದೂರದಲ್ಲಿ ಇದೆ. ಕೆಳಗಿನ ಅರ್ಧ ಬಂದರೆ ಮೇಲಿನ ಅರ್ಧ ಬಂದ ಹಾಗೆ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಜಾಣ ಪಾಠ ಇಲ್ಲ. ಮೂರು ವರ್ಷದ್ದಕ್ಕೆ ಮಾತ್ರ ಇದು ದೊಡ್ಡಣ್ಣನ ಅಂಗಿ. ಅದರಲ್ಲಿ ಸ ಬಿಟ್ಟು ರಿಗೆ ಹೋಗುವುದು ಇರುವೆ ಹೆಜ್ಜೆ, ರಿಯಿಂದ ಗಕ್ಕೆ ಕಪ್ಪೆ ಜಿಗಿತ. ಚಿಕ್ಕವರು ಇರುವೆ ಹೆಜ್ಜೆಯನ್ನು ನುಂಗಿಬಿಡುತ್ತಾರೆ. ಸ, ರಿ ಎರಡೂ ಒಂದೇ ಆಗುತ್ತದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ನನ್ನ ಶ್ರುತಿ, ಅಂದರೆ ನನ್ನ ಸ ನಿಲ್ಲುವ ಎತ್ತರ, ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ. ಅಲ್ಲಿ ನಾನು ಆರಾಮಾಗಿ ಸ ಹಿಡಿದರೆ ಮಕ್ಕಳು ಬಾವಿಗೆ ಬಗ್ಗಿದ ಹಾಗೆ ಗಂಟಲು ತಗ್ಗಿಸಿ ಗೊರಗೊರ ಅನ್ನುತ್ತಿದ್ದರು. ಪುಟ್ಟ ಮಕ್ಕಳ ಗಂಟಲಿಗೆ ಅಷ್ಟು ಕೆಳಗೆ ಜಾಗವೇ ಇಲ್ಲ. ಅವರ ಹಾಡು ಇರುವುದು ಅದಕ್ಕಿಂತ ಮೇಲೆ, ಐದಾರು ಸ್ವರದ ಒಂದು ಸಣ್ಣ ಓಣಿಯಲ್ಲಿ. ಸರಿ, ದೇವರನಾಮಕ್ಕೆ ಮಧ್ಯಮ ಶ್ರುತಿ ಇಟ್ಟುಕೊಳ್ಳುತ್ತೇವಲ್ಲ, ಹಾಗೇ ಮಾಡಿದೆ. ನನ್ನ ಮಧ್ಯಮವೇ (ಮ) ಅವರ ಷಡ್ಜ (ಸ). ಪೆಟ್ಟಿಗೆಯನ್ನು ಮೇಲಿನ ಒಂದನೇ ಮನೆಗೆ ತಿರುಗಿಸಿ ಅಲ್ಲಿಂದ ಹಾಡಿದೆ. ಅದೇ ಮಕ್ಕಳು, ಅದೇ ಸಾಲು, ಧ್ವನಿ ಮಾತ್ರ ಗಂಟೆ ಬಾರಿಸಿದ ಹಾಗೆ ಬಂತು. ಅಪ್ಪಂದಿರು ತಮ್ಮ ದಪ್ಪ ಧ್ವನಿಯಲ್ಲಿ ಹಾಡಿ ತೋರಿಸಿದಾಗ ಮಗು ಶ್ರುತಿ ಸೇರಿಸದಿದ್ದರೆ, ದಯವಿಟ್ಟು ಮಗುವನ್ನು ಬೈಯಬೇಡಿ.

ಆಮೇಲೆ ಈ "ಜೋರಾಗಿ ಹಾಡು ಪುಟ್ಟಾ" ಅನ್ನುವ ಚಟ. ಇದನ್ನು ನಮ್ಮ ನಾಡಿನ ಎಲ್ಲಾ ಅತ್ತೆ, ಮಾವ, ಚಿಕ್ಕಪ್ಪಂದಿರೂ ಬಿಡಬೇಕು. ಜೋರಾಗಿ ಅಂದ ಕೂಡಲೇ ಮಗು ಕೂಗುತ್ತದೆ. ಕೂಗಿದರೆ ಸ್ವರ ಇರೋದಿಲ್ಲ. ನಾನು ಒಂದು ಹಳೆ ಕರ್ಚೀಫನ್ನು ಇಲಿ ಮಾಡಿ ಅಂಗೈ ಮೇಲೆ ಮಲಗಿಸುತ್ತೇನೆ. ಇಲಿಗೆ ಎಚ್ಚರ ಆಗದ ಹಾಗೆ ಹಾಡಬೇಕು. ಒಂಬತ್ತು ಮಕ್ಕಳು ಉಸಿರು ಬಿಗಿಹಿಡಿದು ಹಾಡುವ ಆ ತೆಳ್ಳನೆಯ ಸದ್ದು ಇದೆಯಲ್ಲ, ಅದನ್ನು ಕೇಳಲು ನೀವು 17 ಮೆಟ್ಟಿಲು ಹತ್ತಿ ಬರಬಹುದು.

ಮಾಯಾಮಾಳವಗೌಳ ಬಿಟ್ಟು ಮೋಹನ ರಾಗಕ್ಕೆ ಬಂದದ್ದು ಓದಿ ತಿಳಿದುಕೊಂಡಲ್ಲ, ಕಿಟಕಿಯಿಂದ. ಕೆಳಗೆ ಬೀದಿಯಲ್ಲಿ ಮಕ್ಕಳು ಐಸ್‌ಪೈಸ್ ಆಡುತ್ತಿದ್ದರು. ಒಬ್ಬಳು ಅಮ್ಮನನ್ನು ಕರೆಯುತ್ತಿದ್ದಳು: "ಅಮ್ಮಾ... ಅಮ್ಮಾ..." ಎರಡೇ ಸ್ವರ, ಮೇಲಿನದು, ಆಮೇಲೆ ಒಂಚೂರು ಕೆಳಗಿನದು. ಪೆಟ್ಟಿಗೆ ಆನ್ ಆಗಿತ್ತು. ಕಿವಿ ಕೊಟ್ಟು ನೋಡಿದರೆ, ಪ-ಗ! ಅಲ್ಲೇ ಇನ್ನೊಬ್ಬ ಯಾರನ್ನೋ ಅಣಕಿಸುತ್ತಿದ್ದ, "ಸಿಗಲ್ಲ, ಸಿಗಲ್ಲ" ಅಂತ. ಅದೂ ಪ-ಗ ಹತ್ತಿರವೇ. ಆಮೇಲೆ ಓದಿದಾಗ ಗೊತ್ತಾಯಿತು, ಹಂಗೇರಿಯ ಜೋಲ್ತಾನ್ ಕೊದಾಯ್ (1882–1967) ಮಕ್ಕಳ ಪಾಠ ಕಟ್ಟುವಾಗ ಹಿಡಿದದ್ದೂ ಇದೇ ಎರಡು ಸ್ವರವನ್ನು. ಅವನು ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿದವನು. ಮಗು ಮೊದಲು ಹಾಡಬೇಕಾದ್ದು ತನ್ನ ಮಾತಿನ, ತನ್ನ ಊರಿನ ಹಾಡು ಅನ್ನೋದು ಅವನ ಹಟ. ಪ-ಗ ಆದ ಮೇಲೆ ದ, ಆಮೇಲೆ ರಿ, ಸ. ಹಾಗೆ ಬಿಡಿಸುತ್ತಾ ಹೋದರೆ ಐದು ಸ್ವರದ ರಾಗ ಸಿಗುತ್ತದೆ, ನಮ್ಮ ಮೋಹನ. ಇದರಲ್ಲಿ ಇರುವೆ ಹೆಜ್ಜೆ ಇಲ್ಲವೇ ಇಲ್ಲ.

ಹಾಗಾಗಿ ಈಗ ನಮ್ಮ ಹಾಜರಿ ಪ-ಗದಲ್ಲಿ ನಡೆಯುತ್ತದೆ. ನಾನು ಮಗುವಿನ ಹೆಸರನ್ನು ಪ-ಗ ಅಂತ ಕರೆಯುತ್ತೇನೆ. ಅದು "ಬಂದೆ" ಅಂತ ಪ-ಗದಲ್ಲೇ ಓಗೊಡುತ್ತದೆ. ಕೆಲವರು ತಲೆ ಮಾತ್ರ ಆಡಿಸುತ್ತಾರೆ. ಅದೂ ಹಾಜರಿಯೇ. ಕಿಟಕಿ ಪುಟ್ಟ ಅದನ್ನೂ ಮಾಡುತ್ತಿರಲಿಲ್ಲ.

ವಾದ್ಯದ ವಿಷಯಕ್ಕೆ ಬಂದರೆ ನನ್ನ ಆಸ್ತಿ ಇಷ್ಟು: ಚನ್ನಪಟ್ಟಣದ ಮರದ ಗಿಲಕಿ ಆರು, ಗೆಜ್ಜೆ ಎರಡು ಜೊತೆ, ಕೋಲಾಟದ ಕೋಲು, ಒಂದು ಬುಡುಬುಡಿಕೆ, ನಾಲ್ಕು ಸ್ಟೀಲ್ ಲೋಟ, ಒಂದು ಬಣ್ಣದ ಝೈಲೋಫೋನ್. ಬುಡುಬುಡಿಕೆ ಬಂದ ದಿನ ಕ್ಲಾಸೇ ಆಗಲಿಲ್ಲ, ಸರದಿ ಮಾತ್ರ ಆಯಿತು. ಝೈಲೋಫೋನ್ ಕೊಳ್ಳಲು ಹೋದಾಗ ಶ್ರುತಿ ಪೆಟ್ಟಿಗೆಯನ್ನೂ ಅಂಗಡಿಗೆ ಒಯ್ದಿದ್ದೆ. ಆಟಿಕೆ ವಾದ್ಯಗಳಲ್ಲಿ ಎಷ್ಟೋ ಶ್ರುತಿಯೇ ಇಲ್ಲದವು. ಐದು ಡಬ್ಬಿ ಬಿಚ್ಚಿಸಿ, ಬಾರಿಸಿ, ಬೇಡ ಅಂದೆ. ಅಂಗಡಿಯವರು ಆರನೆಯದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಮನೆಗೆ ತಂದು ಅದರ ನಾಲ್ಕನೇ ಮತ್ತು ಏಳನೇ ಪಟ್ಟಿಯನ್ನು ಬಿಚ್ಚಿ ತೆಗೆದೆ. ಮ ಇಲ್ಲ, ನಿ ಇಲ್ಲ, ಉಳಿದದ್ದು ಮೋಹನ. ಈ ಉಪಾಯ ನನ್ನದಲ್ಲ, ಜರ್ಮನಿಯ ಕಾರ್ಲ್ ಓರ್ಫ್‌ದು. 1924ರಲ್ಲಿ ಮ್ಯೂನಿಕ್‌ನಲ್ಲಿ ಅವನು ಮತ್ತು ಡೊರೊತೀ ಗುಂಟರ್ ಸೇರಿ ಕುಣಿತ, ಸಂಗೀತ ಎರಡನ್ನೂ ಒಟ್ಟಿಗೆ ಕಲಿಸುವ ಶಾಲೆ ತೆರೆದರು. ಅವನ ಮಕ್ಕಳ ವಾದ್ಯಗಳಲ್ಲಿ ಪಟ್ಟಿಗಳನ್ನು ಕಳಚಿ ಇಡಬಹುದು. ಬೇಡದ ಸ್ವರವನ್ನು ಮೊದಲೇ ತೆಗೆದಿಟ್ಟರೆ ಮಗು ಎಲ್ಲಿ ಬಾರಿಸಿದರೂ ತಪ್ಪು ಅನ್ನೋದೇ ಇಲ್ಲ. ತಪ್ಪು ಮಾಡಲು ಜಾಗವೇ ಇಲ್ಲದ ವಾದ್ಯ! ನನ್ನ ಐದನೇ ವರ್ಷಕ್ಕೆ ಯಾರಾದರೂ ಇಂಥದ್ದೊಂದು ಕೊಟ್ಟಿದ್ದರೆ ಅನ್ನಿಸುತ್ತದೆ.

ಲೋಟಕ್ಕೆ ನೀರು ಹಾಕಿ ಚಮಚದಲ್ಲಿ ಬಡಿಯುವ ಆಟ ನಿಮಗೂ ಗೊತ್ತು. ನೀರು ಜಾಸ್ತಿ ಆದಷ್ಟೂ ಸದ್ದು ದಪ್ಪ. ಯಾಕೆ ಅಂತ ಕೇಳಿದೆ. "ಹೊಟ್ಟೆ ತುಂಬಿದೆ, ಅದಕ್ಕೆ" ಅಂದಳು ಜಮಖಾನದ ದಾರ ಕೀಳುವವಳು. ತೂಕ ಹೆಚ್ಚಿದರೆ ಲೋಟದ ನಡುಕ ನಿಧಾನ ಆಗುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರೋದಿಲ್ಲ.

ಎಲ್ಲಕ್ಕಿಂತ ಮಕ್ಕಳಿಗೆ ಇಷ್ಟವಾದ ಆಟ ನಿಲ್ಲುವ ಆಟ. ನಾನು ತಟ್ಟೆ ಬಡಿಯುತ್ತೇನೆ, ಅವರು ನಡೆಯುತ್ತಾರೆ. ನಾನು ನಿಲ್ಲಿಸಿದರೆ ಕಲ್ಲಾಗಬೇಕು. ಮೊದಮೊದಲು ಯಾರೂ ನಿಲ್ಲುತ್ತಿರಲಿಲ್ಲ, ಬಂಡಿಗೆ ಬ್ರೇಕ್ ಇರಲಿಲ್ಲ. ಎರಡು ಮೂರು ವಾರ ಕಳೆದ ಮೇಲೆ ನೋಡುತ್ತೇನೆ, ಅವರು ನಡೆಯುವಾಗ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಇನ್ನೆರಡು ವಾರಕ್ಕೆ ಕೈ ನೋಡುವುದೂ ನಿಂತಿತು, ಕಿವಿ ಕೆಲಸ ಶುರು ಮಾಡಿತ್ತು. ನಿಂತಾಗ ಹಾಲ್‌ನಲ್ಲಿ ಒಂದು ಮೌನ ಇರುತ್ತದೆ. ಯಾರೋ ಉಸಿರಾಡುವುದು ಕೇಳುತ್ತದೆ. ಯಾವಾಗ ಮತ್ತೆ ತಟ್ಟೆ ಬಡಿಯುತ್ತದೋ ಅಂತ ಹದಿನೆಂಟು ಕಿವಿ ಕಾಯುತ್ತವೆ. ಸಭೆಯಲ್ಲಿ ಹಾಡುವಾಗ ನನಗೆ ಇಂಥ ಕೇಳುಗರು ಸಿಕ್ಕಿದ್ದಿಲ್ಲ.

ಇದರಲ್ಲಿ ಒಂದು ವಿಷಯ ನನ್ನನ್ನು ಬೆರಗುಗೊಳಿಸಿತು. ನಿಧಾನಕ್ಕೆ ಬಡಿದರೆ ಮಕ್ಕಳು ತಪ್ಪುತ್ತಾರೆ, ಚುರುಕಾಗಿ ಬಡಿದರೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ನಾವು ಮೊದಲನೇ ಕಾಲ (ನಿಧಾನದ್ದು) ಸುಲಭ, ಮೂರನೇ ಕಾಲ (ಚುರುಕಿನದು) ಕಷ್ಟ ಅಂತ ಕಲಿತವರು. ಚಿಕ್ಕವರಿಗೆ ಉಲ್ಟಾ. ಅವರ ಕಾಲು ಗಿಡ್ಡ, ನಡಿಗೆ ಚುರುಕು, ಒಳಗಿನ ಲಯವೂ ಚುರುಕು. ಎರಡು ಪೆಟ್ಟಿನ ನಡುವಿನ ಉದ್ದನೆಯ ಖಾಲಿ ಜಾಗ ಅವರ ಪಾಲಿಗೆ ಬಯಲು. ಅಲ್ಲಿ ಕಳೆದುಹೋಗುತ್ತಾರೆ.

ಫೋನಿನಲ್ಲಿ ತಾಳ ಹಾಕುವ ಆ್ಯಪ್ ಇದೆ, ಅದನ್ನೂ ಪ್ರಯತ್ನಿಸಿದೆ. ತಟ್ಟೆ ಬಡಿಯುವ ನನ್ನ ಕೈಗೂ ಬಿಡುವು ಬೇಕಲ್ಲ. ಎರಡೇ ನಿಮಿಷಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ ಆಯಿತು. ಇದನ್ನು ಜರ್ಮನಿಯ ಲೈಪ್ಜಿಗ್‌ನಲ್ಲಿ ಸೆಬಾಸ್ಟಿಯನ್ ಕಿರ್ಶ್‌ನರ್, ಮೈಕೆಲ್ ಟೊಮಸೆಲ್ಲೊ ಅನ್ನುವ ಇಬ್ಬರು ಸರಿಯಾಗಿ ಅಳೆದು ನೋಡಿದ್ದಾರೆ, 2009ರಲ್ಲಿ ಪ್ರಕಟವಾಗಿದೆ. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷದ ಮಕ್ಕಳಿಗೆ ಡ್ರಮ್ ಕೊಟ್ಟರು. ಒಮ್ಮೆ ಎದುರಿಗೆ ಮನುಷ್ಯ ಕೂತು ಬಾರಿಸಿದ, ಒಮ್ಮೆ ಯಂತ್ರ ಬಾರಿಸಿತು, ಒಮ್ಮೆ ಸ್ಪೀಕರಿನಿಂದ ಬರೀ ಸದ್ದು ಬಂತು. ಮೂರೂ ವಯಸ್ಸಿನವರು ಚೆನ್ನಾಗಿ ಲಯ ಸೇರಿಸಿದ್ದು ಮನುಷ್ಯನ ಜೊತೆ. ಯಂತ್ರ ತಪ್ಪೋದಿಲ್ಲ, ನಾನು ತಪ್ಪುತ್ತೇನೆ. ಆದರೂ ಅವರಿಗೆ ನಾನೇ ಬೇಕು. ಮರುವರ್ಷ ಅವರೇ ಇನ್ನೊಂದು ಅಧ್ಯಯನ ಪ್ರಕಟಿಸಿದರು. ನಾಲ್ಕು ವರ್ಷದ ಮಕ್ಕಳು ಜೋಡಿಯಾಗಿ ಹಾಡಿ ಕುಣಿದ ಮೇಲೆ, ಹಾಡಿಲ್ಲದೆ ಆಡಿದ ಜೋಡಿಗಳಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಸಹಾಯಕ್ಕೆ ಹೋದರು ಅಂತ. ನಮ್ಮ ಹಾಲ್‌ನಲ್ಲಿ ಗಿಲಕಿಗೆ ಕೂದಲು ಹಿಡಿದು ಜಗ್ಗಾಡುವುದು ನಿಂತಿಲ್ಲ. ಆದರೆ ಜಗ್ಗಾಡಿದವರೇ ಮೆಟ್ಟಿಲಿಳಿಯುವಾಗ ಕೈ ಹಿಡಿದುಕೊಂಡಿರುತ್ತಾರೆ.

ಅಪ್ಪ ಅಮ್ಮಂದಿರ ಪ್ರಶ್ನೆಗಳು ಬೇರೆಯೇ. "ಮೆದುಳು ಚುರುಕಾಗುತ್ತಂತೆ, ಗಣಿತ ಚೆನ್ನಾಗಿ ಬರುತ್ತಂತೆ, ಹೌದಾ?" ಇದೆಲ್ಲಿಂದ ಬಂತು ಅಂತ ಹುಡುಕಿದರೆ 1993ರ ಒಂದು ಪ್ರಯೋಗಕ್ಕೆ ಹೋಗಿ ನಿಲ್ಲುತ್ತೇವೆ. 36 ಮಂದಿ ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೋಝಾರ್ಟ್ ಕೇಳಿದರು, ಆಮೇಲೆ ಒಂದು ಬಗೆಯ ಆಕಾರದ ಲೆಕ್ಕಗಳನ್ನು ಸ್ವಲ್ಪ ಚೆನ್ನಾಗಿ ಮಾಡಿದರು. ಆ ಚುರುಕು ಕಾಲು ಗಂಟೆಯೂ ಉಳಿಯಲಿಲ್ಲ. ಅದರಲ್ಲಿ ಒಂದೇ ಒಂದು ಮಗು ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ಅಲ್ಲಿಂದ ಹೊರಟ ಮಾತು ಮೈಸೂರಿನ ನಮ್ಮ ಗೇಟಿಗೂ ಬಂದು ನಿಂತಿದೆ. ನಾನು "ಗಣಿತ ಗೊತ್ತಿಲ್ಲ, ನಿದ್ದೆ ಚೆನ್ನಾಗಿ ಬರುತ್ತೆ" ಅನ್ನುತ್ತೇನೆ. ಕುಣಿದು ಸುಸ್ತಾಗಿರುತ್ತಾರಲ್ಲ.

ಎರಡನೇ ಪ್ರಶ್ನೆ, "ಸ್ಟೇಜ್ ಯಾವಾಗ?" ಅದಕ್ಕೆ ಉತ್ತರ ಕೊಡೋದೇ ಬಿಟ್ಟಿದ್ದೇನೆ. ವಿಡಿಯೋ ಕಳಿಸೋದನ್ನೂ ಬಿಟ್ಟೆ. ಒಮ್ಮೆ ಫೋನ್ ಎತ್ತಿದ್ದೆ. ಅಲ್ಲಿಯತನಕ ಒಬ್ಬರನ್ನೊಬ್ಬರು ನೋಡಿಕೊಂಡು ಹಾಡುತ್ತಿದ್ದ ಒಂಬತ್ತೂ ಮುಖ ಟಕ್ ಅಂತ ಫೋನಿನ ಕಡೆ ತಿರುಗಿದವು, ಹಲ್ಲು ಬಿಟ್ಟವು, ಹಾಡು ಕೂಗಾಯಿತು. ಇಲಿ ಎದ್ದು ಓಡಿಹೋಯಿತು.

ಒಂಬತ್ತು ಅಂದೆನಲ್ಲ, ಎಂಟು. ಕಿಟಕಿ ಪುಟ್ಟ ತಿರುಗಿರಲಿಲ್ಲ.

ಅವನನ್ನು ಕರೆದುಕೊಂಡು ಬರುತ್ತಿದ್ದವರು ಅವನ ಅಜ್ಜಿ. ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತು ಹೂವೋ ಸೊಪ್ಪೋ ಬಿಡಿಸುತ್ತಾ ಇರುತ್ತಿದ್ದರು. ಐದನೇ ವಾರ ನಾನು ಅವರ ಹತ್ತಿರ ಹೋಗಿ, "ಅವನಿಗೆ ಇನ್ನೂ ಟೈಮ್ ಬೇಕೇನೋ. ಇನ್ನೊಂದು ವರ್ಷ ಬಿಟ್ಟು ಕರ್ಕೊಂಡು ಬರ್ತೀರಾ?" ಅಂದೆ. ದುಡ್ಡು ವಾಪಸ್ ಕೊಡುತ್ತೇನೆ ಅಂತಲೂ ಸೇರಿಸಿದೆ. ಅಜ್ಜಿ ಸೊಪ್ಪಿನಿಂದ ತಲೆ ಎತ್ತದೆ, "ಬರ್ಲಿ ಬಿಡಮ್ಮ. ಅವ್ನಿಗೆ ಕಿಟಕಿ ಇಷ್ಟ. ನಮ್ಮನೇಲಿ ಇಂಥದ್ದಿಲ್ಲ" ಅಂದರು.

ಆ ಅಜ್ಜಿ ಯಾರು ಅಂತ ಗೊತ್ತಾದದ್ದು ಒಂದು ಮಳೆಯ ದಿನ. ಗುಡುಗಿಗೆ ಇಬ್ಬರು ಅಳಲು ಶುರು ಮಾಡಿದರು, ಕರೆಂಟ್ ಹೋಯಿತು, ಉಳಿದವರು ದಿಕ್ಕಾಪಾಲು. ನಾನು "ಇಲ್ಲಿ ನೋಡಿ, ಇಲ್ಲಿ ನೋಡಿ" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಬಾಗಿಲ ಕಡೆಯಿಂದ ಅಜ್ಜಿ, ಎದ್ದೇಳದೆ, ಯಾರನ್ನೂ ಕರೆಯದೆ, ಸುಮ್ನೆ ಹಾಡತೊಡಗಿದರು. ಯಾರ ಕೈ ಎಲ್ಲಿದೆ, ಯಾರ ಕಾಲು ಎಲ್ಲಿದೆ ಅನ್ನುವಂಥ ಎಂಥದೋ ಒಂದು ಹಾಡು. ಮೂರು ಸ್ವರಕ್ಕಿಂತ ಜಾಸ್ತಿ ಇರಲಿಲ್ಲ. ನಾನು ಇಟ್ಟುಕೊಳ್ಳುವ ಎತ್ತರಕ್ಕಿಂತಲೂ ಒಂದು ಕೈ ಮೇಲೆ. ಎರಡನೇ ಸಲಕ್ಕೆ ಒಬ್ಬ ಕೈ ಎತ್ತಿದ. ನಾಲ್ಕನೇ ಸಲಕ್ಕೆ ಎಲ್ಲರೂ ಅವರ ಸುತ್ತ ಚಪ್ಪಲಿಗಳ ಮೇಲೆಯೇ ಕೂತಿದ್ದರು. ಅಳುತ್ತಿದ್ದವರ ಮೂಗನ್ನು ಸೆರಗಿನಲ್ಲಿ ಒರೆಸುತ್ತಾ, ಹಾಡಿನೊಳಗೇ ಮೂಗನ್ನೂ ಸೇರಿಸಿದರು.

ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರಂತೆ. ಟಿ. ನರಸೀಪುರದ ಹತ್ತಿರದ ಹಳ್ಳಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಮೊದಲು ಸಿಕ್ಕಿದ್ದು ಅದೇ ಟಿ. ನರಸೀಪುರ. ಅಜ್ಜಿಗೆ ಇದರ ಹೆಮ್ಮೆ ಏನೂ ಇಲ್ಲ. "ನಮ್ಮಲ್ಲಿ ಕ್ಲಾಸು ಅಂತ ಬೇರೆ ಎಲ್ಲಿತ್ತಮ್ಮ? ಕೈ ತೊಳೆಯೋಕೆ ಒಂದು ಹಾಡು, ಉಣ್ಣೋಕೆ ಒಂದು ಹಾಡು, ಮಲಗೋಕೆ ಒಂದು. ಹಾಡದಿದ್ರೆ ಮೂವತ್ತು ಮಕ್ಕಳನ್ನ ಹಿಡಿಯೋಕಾಗುತ್ತಾ?" ಅವರು ಅದಕ್ಕೆ ಅಭಿನಯ ಗೀತೆ ಅನ್ನುತ್ತಾರೆ. ಒಮ್ಮೆ ಅವರ ಜೊತೆ ಆ ಊರಿಗೂ ಹೋಗಿ ಬಂದೆ. ಈಗಿನ ಕಾರ್ಯಕರ್ತೆ ಒಂದು ಸಲವೂ "ಸುಮ್ನಿರಿ" ಅನ್ನಲಿಲ್ಲ. ಹೇಳಬೇಕಾದ್ದನ್ನೆಲ್ಲ ಹಾಡಿಗೆ ಹಾಕಿದರು. ನಾನು ಪೇಟೆಯಲ್ಲಿ ತಿಂಗಳಿಗೆ ಇಷ್ಟು ಅಂತ ಫೀಸು ತೆಗೆದುಕೊಂಡು ತಡಕಾಡುತ್ತಿರುವ ವಿದ್ಯೆ ಅಲ್ಲಿ ದಿನಾ ಬೆಳಗ್ಗೆ ಒಗ್ಗರಣೆ ವಾಸನೆಯ ಜೊತೆ ಪುಕ್ಕಟೆ ನಡೆಯುತ್ತಿತ್ತು.

ಅಜ್ಜಿಯಿಂದ ಕಲಿತ ಮೇಲೆ ನಾನು ವಿವರಿಸುವುದನ್ನು ಕಡಿಮೆ ಮಾಡಿದೆ. ತಾಳಕ್ಕೂ ಬಾಯಿಗೆ ರುಚಿಯಾದ ಮಾತು ಬೇಕು ಅನ್ನಿಸಿತು. ತಕಿಟ, ತಕಧಿಮಿ ಚೆನ್ನಾಗಿಯೇ ಇದೆ, ಆದರೆ ತಿನ್ನಲು ಬರೋದಿಲ್ಲ. ಮೊದಲು ಇಡ್ಲಿ, ಉಪ್ಪಿಟ್ಟು ಅಂತ ಶುರು ಮಾಡಿ ಸೋತೆ. ಉಪ್ಪಿಟ್ಟು ನೋಡಲು ಮೂರಕ್ಷರ, ಬಾಯಲ್ಲಿ ಐದು ಮಾತ್ರೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸುವಾಗ ಇದೆಲ್ಲ ಯಾವಾಗ ಉಪಯೋಗಕ್ಕೆ ಬರುತ್ತೆ ಅಂತ ಗೊಣಗಿದ್ದೆ, ಇಲ್ಲಿ ಬಂತು ನೋಡಿ. ಎಲ್ಲಾ ಲಘುವೇ ಇರುವ ತಿಂಡಿ ಬೇಕು. ಅಡುಗೆಮನೆ ಡಬ್ಬಿಗಳ ಮುಂದೆ ನಿಂತು ಹುಡುಕಿದೆ. ಕಡಲೆ, ಮೂರು. ಗಸಗಸೆ, ನಾಲ್ಕು. ಸಿಕ್ಕಿತು!

ಆಟ ಹೀಗೆ. ಒಂದು ಸಾಲಿನವರು ತೊಡೆ ಮೇಲೆ ಮೂರು ತಟ್ಟಿ ಕಡಲೆ ಅನ್ನಬೇಕು. ಎದುರಿನ ಸಾಲಿನವರು ನಾಲ್ಕು ಚಪ್ಪಾಳೆ ಹೊಡೆದು ಗಸಗಸೆ ಅನ್ನಬೇಕು. ಕಡಲೆ ಗಸಗಸೆ, ಕಡಲೆ ಗಸಗಸೆ. ಇದು ಮಿಶ್ರಛಾಪು ಅಲ್ವಾ, ಏಳರ ನಡೆ. ನಾನು ಹದಿಮೂರನೇ ವಯಸ್ಸಿನಲ್ಲಿ ಇದಕ್ಕೆ ತಿಣುಕಾಡಿದ್ದೆ. ಇವರು ಕಾಲು ಗಂಟೆಗೆ ಹಿಡಿದರು. ಇನ್ನೊಂದು ಸಂಗತಿ ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಮೂರು ನಾಲ್ಕು, ಮೂರು ನಾಲ್ಕು ಅಂದರೆ ಭಾಮಿನಿ ಷಟ್ಪದಿಯ ಮೊದಲ ಸಾಲು. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ನಡೆಸಿದ್ದು ಇದೇ ಹೆಜ್ಜೆಯಲ್ಲಿ. ಸೋಪು ಹಿಡಿದುಕೊಂಡೇ ನಗು ಬಂತು. ನನ್ನ ಪುಟಾಣಿಗಳು ಗೊತ್ತಿಲ್ಲದೆ ಗದುಗಿಗೆ ಹೊರಟಿದ್ದರು.

ಈ ಆಟವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಕಡಲೆ ಅಂದ ಮೇಲೆ ಗಸಗಸೆ ಬರಲೇಬೇಕು. ಬೇಕಂತಲೇ ಒಮ್ಮೆ ಕಡಲೆಗೇ ನಿಲ್ಲಿಸಿ ನೀರು ಕುಡಿಯಲು ಹೋದೆ. ಹಿಂದಿನಿಂದ ಕಿರಿಚಾಟ: "ಆಂಟೀ, ಇನ್ನೂ ಇದೆ!"

ಇಷ್ಟಾದರೂ ಕಿಟಕಿಯ ಕಡೆಯಿಂದ ಸದ್ದಿಲ್ಲ. ಸರಳು ಹಿಡಿದು, ಹಣೆ ಒತ್ತಿಕೊಂಡು, ಆಟೋ ಎಣಿಸುತ್ತಿದ್ದನೋ ಏನೋ. ಗಿಲಕಿ ಕೊಟ್ಟರೆ ತೆಗೆದುಕೊಂಡು ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದ. ಕ್ಲಾಸು ಮುಗಿದ ಮೇಲೆ ತಂದು ಡಬ್ಬಿಗೆ ಹಾಕುತ್ತಿದ್ದ. ಒಂದು ಸಲವೂ ಆಡಿಸಲಿಲ್ಲ. ನಾನೂ ಕರೆಯುವುದನ್ನು ಬಿಟ್ಟೆ. ಹಾಜರಿಯಲ್ಲಿ ಮಾತ್ರ ಅವನ ಹೆಸರನ್ನು ಪ-ಗ ಅಂತ ಹಾಡಿ, ಎರಡು ಉಸಿರು ಕಾದು, ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಹದಿನಾಲ್ಕನೇ ಶನಿವಾರ ಇರಬೇಕು. ಕ್ಲಾಸು ಮುಗಿದಿತ್ತು. ನಾನು ಜಮಖಾನ ಮಡಚಿ, ಒದರಲು ಹೊರಗೆ ಬಂದೆ. ಅಜ್ಜಿ ಆಗಲೇ ಕೆಳಗಿಳಿದು, ಗೇಟಿನ ಹತ್ತಿರ ಚೀಲ ಹಿಡಿದು ನಿಂತಿದ್ದರು. ಮೆಟ್ಟಿಲ ಮೇಲೆ ಅವನೊಬ್ಬನೇ. ಒಂದು ಕೈ ಗೋಡೆಗೆ ಆನಿಸಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ತುಟಿ ಅಲುಗುತ್ತಿತ್ತು. ನಾನು ಜಮಖಾನ ಒದರಲಿಲ್ಲ.

ಕ, ಡ, ಲೆ. ಗ, ಸ, ಗ, ಸೆ. ಅಕ್ಷರಕ್ಕೊಂದು ಮೆಟ್ಟಿಲು. ಇಲಿಗೆ ಎಚ್ಚರ ಆಗದಷ್ಟು ಮೆಲ್ಲಗೆ. ಇನ್ನೊಂದು ಕಡಲೆ, ಇನ್ನೊಂದು ಗಸಗಸೆ. ಆಮೇಲೆ ಕ, ಡ, ಲೆ, ಮೆಟ್ಟಿಲು ಮುಗಿದುಹೋಯಿತು.

ಕೊನೆಯ ಮೆಟ್ಟಿಲ ಮೇಲೆ ನಿಂತ. ಮುಂದೆ ನೋಡಿದ. ಹಿಂದೆ ತಿರುಗಿ ಮೇಲಿನ ತನಕ ನೋಡಿದ, ನನ್ನನ್ನೂ ನೋಡಿದ, ಆದರೆ ನನ್ನ ಬಗ್ಗೆ ಅವನಿಗೆ ಯೋಚನೆ ಇರಲಿಲ್ಲ. "ಬಾರೋ, ಬಸ್ ಹೋಗುತ್ತೆ" ಅಂದರು ಅಜ್ಜಿ. ಅವನು ಎರಡೂ ಕಾಲು ಕೂಡಿಸಿ ಅಂಗಳಕ್ಕೆ ಹಾರಿದ. ನಿಂತಲ್ಲೇ ಇನ್ನೂ ಮೂರು ಸಲ ನೆಲ ಗುದ್ದಿದ. ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡು ಹೋದ.